ಅದು ವಾಸ ಅಲ್ಲಪ್ಪ, ಹೆಸರು

ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ. ಕಾಯುವ ಕೋಣೆಯಲ್ಲಿ ನಾಲ್ಕೈದು ಜನ, ಎಲ್ಲರ ಕಣ್ಣೂ ಫೋನಿನಲ್ಲಿ. ಒಳಗಿಂದ ಬಂದ ಹುಡುಗಿ ಕೈಯಲ್ಲಿದ್ದ ಹಾಳೆ ನೋಡಿಕೊಂಡು 'ಮಿಸ್ಟರ್ ಗ್ಯಾಂಜಮ್' ಅಂದಳು. ಯಾರೂ ಏಳಲಿಲ್ಲ. ಇನ್ನೊಂದು ಸಲ ಕರೆದಳು. ಯಾರಪ್ಪ ಇವನು, ಕೂಗಿದರೂ ಏಳದವನು ಅಂತ ನಾನೂ ಸುತ್ತಮುತ್ತ ನೋಡಿದೆ. ಮೂರನೇ ಸಲಕ್ಕೆ ತಲೆಗೆ ಹೋಯಿತು, ಅವನು ನಾನೇ ಅಂತ. ಇಂಗ್ಲೆಂಡಿನ ಟಾಂಟನ್‌ಗೆ ಬಂದು ಒಂಬತ್ತು ವರ್ಷವಾದರೂ ಆ ಹೆಸರಿಗೆ ನನ್ನ ಕಿವಿ ಒಗ್ಗಿಲ್ಲ. ಆಫೀಸಿನಲ್ಲಿ ಎಲ್ಲರೂ ಮೊದಲ ಹೆಸರು ಹಿಡಿದೇ ಕರೆಯುತ್ತಾರೆ. ಗಂಜಾಂ ಹೊರಗೆ ಬರುವುದು ಬ್ಯಾಂಕಿನ ಕಾಗದ, ಕೌನ್ಸಿಲ್ ಟ್ಯಾಕ್ಸಿನ ನೋಟಿಸು, ಇಂಥ ಕ್ಲಿನಿಕ್ಕುಗಳಲ್ಲಿ ಮಾತ್ರ.

ಹೆಸರು ಹೀಗಾದ ಬಗೆ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಮಾರ್ಕ್ಸ್ ಕಾರ್ಡಿನಲ್ಲಿ 'ಜಿ' ಅಂತ ಒಂದಕ್ಷರವಿತ್ತು, ಶ್ರೀರಂಗಪಟ್ಟಣದ ಪಕ್ಕದ ನಮ್ಮ ತಾತನ ಊರು ಗಂಜಾಂ. ಪಾಸ್‌ಪೋರ್ಟಿಗೆ ಇನಿಷಿಯಲ್ ನಡೆಯೋದಿಲ್ಲ, ಬಿಡಿಸಿ ಬರೀರಿ ಅಂದರು. ಬಿಡಿಸಿದೆ. ವೀಸಾದ ಹೊತ್ತಿಗೆ ಅದು ಸರ್‌ನೇಮ್ ಆಗಿ ಗಟ್ಟಿಯಾಗಿ ಕೂತಿತ್ತು. ನಮ್ಮ ಕಡೆಯ ಎಷ್ಟು ಊರುಗಳು ಹೀಗೆ ಇಂಗ್ಲೆಂಡಿನ ದಫ್ತರಗಳಲ್ಲಿ ಮನುಷ್ಯರಾಗಿ ಓಡಾಡಿಕೊಂಡಿವೆಯೋ! ಬ್ರಿಸ್ಟಲ್‌ನಲ್ಲಿ ಯುಗಾದಿ ಊಟಕ್ಕೆ ಹೋದರೆ ಹೊಳೆನರಸೀಪುರ, ಬೆಳ್ಳಾವಿ, ಚಿಕ್ಕನಾಯಕನಹಳ್ಳಿ ಮೂವರೂ ಒಂದೇ ಪಂಕ್ತಿಯಲ್ಲಿ ಕೂತು ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಿರುತ್ತಾರೆ. ಪಾಪ, ಚಿಕ್ಕನಾಯಕನಹಳ್ಳಿಗೆ ಮಾತ್ರ ಯಾವ ಫಾರಂನ ಚೌಕಗಳೂ ಸಾಲುವುದಿಲ್ಲ.

ಆವತ್ತು ತಲೆ ಕೊರೆದದ್ದು ಬೇರೆ. ಆ ಕ್ಲಿನಿಕ್ಕಿನ ನೋಂದಣಿ ಫಾರಂನಲ್ಲಿ ಹೆಸರಿಗೆ ಮೊದಲು ಏನು ಹಾಕಬೇಕು ಅಂತ ಆರಿಸಿಕೊಳ್ಳುವ ಪಟ್ಟಿಯೊಂದಿತ್ತು. ಮಿಸ್ಟರ್, ಮಿಸೆಸ್, ಡಾಕ್ಟರ್, ರೆವರೆಂಡ್ ಎಲ್ಲ ಮುಗಿದ ಮೇಲೆ ಕೆಳಗೆ ಲಾರ್ಡ್, ಲೇಡಿ. ಇಲ್ಲಿಂದ ಏಳೆಂಟು ಮೈಲಿ ದೂರದಲ್ಲಿ ವೆಲ್ಲಿಂಗ್ಟನ್ ಅನ್ನುವ ಪೇಟೆಯಿದೆ. ಅದರ ಹೆಸರನ್ನೇ ತನ್ನ ಹೆಸರು ಮಾಡಿಕೊಂಡ ಆರ್ಥರ್ ವೆಲ್ಲೆಸ್ಲಿ ಅನ್ನುವ ಒಬ್ಬ ಸಿಪಾಯಿ ಅದಕ್ಕೂ ಹತ್ತು ವರ್ಷ ಮುಂಚೆ ನಮ್ಮ ಗಂಜಾಂನ ಪಕ್ಕದ ದರಿಯಾ ದೌಲತ್ ಅರಮನೆಯಲ್ಲಿ ಬಿಡಾರ ಹೂಡಿದ್ದ. ಬಾಯಿಗೆ ಮರಗಟ್ಟುವ ಇಂಜೆಕ್ಷನ್ ಚುಚ್ಚಿಸಿಕೊಂಡು ಮಲಗಿದ್ದಾಗ ಇದು ಹೊಳೆಯಿತು: ನಾನು ಗಂಜಾಂನ ಹೆಸರು ಹೊತ್ತುಕೊಂಡು ವೆಲ್ಲಿಂಗ್ಟನ್ ಪಕ್ಕದಲ್ಲಿದ್ದೇನೆ, ಅವನು ಗಂಜಾಂ ಪಕ್ಕದಲ್ಲಿದ್ದು ಹೋಗಿ ವೆಲ್ಲಿಂಗ್ಟನ್ ಆದ. ಇಬ್ಬರಲ್ಲಿ ಯಾರು ಯಾವ ಊರಿನವರು?

ಗುಡ್ಡದ ಮೇಲಿನ ಕಂಬ

ಟಾಂಟನ್‌ನಿಂದ ಎಂ-5 ಹೆದ್ದಾರಿ ಹಿಡಿದು ಎಕ್ಸಿಟರ್ ಕಡೆ ಹೊರಟರೆ ಎಡಗಡೆಗೆ ಬ್ಲ್ಯಾಕ್‌ಡೌನ್ ಗುಡ್ಡಗಳ ಸಾಲು. ಅದರ ನೆತ್ತಿಯ ಮೇಲೆ ದಬ್ಬಳ ನೆಟ್ಟ ಹಾಗೆ ಒಂದು ಕಂಬ. 175 ಅಡಿ ಎತ್ತರ, ಮೂರೇ ಮುಖ. ಮೂರು ಮುಖದ ಇಂಥ ಕಂಬಗಳಲ್ಲಿ ಜಗತ್ತಿನಲ್ಲೇ ಎತ್ತರದ್ದು ಅಂತ ಊರಿನವರ ಹೆಮ್ಮೆ. ವಾಟರ್‌ಲೂ ಗೆದ್ದ ಡ್ಯೂಕನಿಗಾಗಿ 1817ರಲ್ಲಿ ಅಡಿಗಲ್ಲು ಹಾಕಿದರು. ತುದಿಯಲ್ಲಿ ಅವನ ಪ್ರತಿಮೆ, ಬುಡದಲ್ಲಿ ಕಾವಲಿಗೆ ಪಿಂಚಣಿ ಸಿಪಾಯಿಗಳ ಮನೆ ಅಂತೆಲ್ಲ ಯೋಜನೆ. ಹಣ ಮುಗಿಯಿತು. ದಶಕಗಟ್ಟಲೆ ಮೊಂಡಾಗಿ ನಿಂತಿತ್ತು, ನಡುವೆ ಒಂದು ಸಲ ಸಿಡಿಲೂ ಬಡಿಯಿತು. 1852ರಲ್ಲಿ ಡ್ಯೂಕ್ ಸತ್ತ ಮೇಲೆ ಜನಕ್ಕೆ ಮತ್ತೆ ನೆನಪಾಗಿ, 1854ರಲ್ಲಿ ಹೇಗೋ ಒಂದು ತುದಿ ಮುಟ್ಟಿಸಿದರು. ಪ್ರತಿಮೆ ಬರಲೇ ಇಲ್ಲ. ನಮ್ಮೂರ ಸಮುದಾಯ ಭವನಗಳ ಕಥೆ ಕೇಳಿ ಬೆಳೆದವನಿಗೆ ಇದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಕಾಣಲಿಲ್ಲ.

ಭಾನುವಾರ ಮಗಳನ್ನು ಕರೆದುಕೊಂಡು ಹೋದೆ. ಹಿಂದಿನ ದಿನವೆಲ್ಲ ಮಳೆ. ಕಾರು ನಿಲ್ಲಿಸಿದ ಜಾಗದಿಂದ ಸಾಲುಮರಗಳ ನಡುವೆ ನಡೆದುಹೋಗಬೇಕು, ದಾರಿಯೆಲ್ಲ ಕೊಳೆತ ಎಲೆ ಮತ್ತು ಕೆಸರು. ಅವಳ ಕಾಲಲ್ಲಿ ಹಳದಿ ಗಮ್‌ಬೂಟು. 'ಅಪ್ಪ, ವೆಲ್ಲೀಸ್‌ಗೆ ಈ ಡ್ಯೂಕಿಂದಾನೇ ಹೆಸರು ಬಂದಿದ್ದಂತೆ, ಮಿಸ್ ಹೇಳಿದ್ರು' ಅಂದಳು. ಹೌದು ಅಂದೆ. ಅವನು ಹೊಲಿಸಿಕೊಳ್ಳುತ್ತಿದ್ದುದು ಚರ್ಮದ ಬೂಟು, ರಬ್ಬರಿನದು ಆಮೇಲಿನ ಮಾತು ಅಂತ ಹೇಳಹೊರಟವನು ಸುಮ್ಮನಾದೆ. ಅಷ್ಟು ಹೊತ್ತಿಗೆ ಅವಳು ಸಿಕ್ಕ ಸಿಕ್ಕ ಗುಂಡಿಯಲ್ಲೆಲ್ಲ ಡ್ಯೂಕನನ್ನು ಪಚಪಚ ತುಳಿಯುತ್ತ ಮುಂದೆ ಹೋಗಿಯಾಗಿತ್ತು.

ಕಂಬದ ಬುಡದಲ್ಲಿ ಒಬ್ಬ ಮುದುಕರು ನಾಯಿ ಜೊತೆ ನಿಂತಿದ್ದರು. ಈ ದೇಶದಲ್ಲಿ ನಾಯಿಯಿದ್ದರೆ ಮಾತಿಗೆ ಬೇರೆ ನೆಪ ಬೇಡ. ಮಗಳು ನಾಯಿಯ ಕಿವಿ ಕೆರೆಯುತ್ತಿದ್ದಂತೆ ಅವರು ಕಂಬದ ಕಡೆ ಗದ್ದ ಎತ್ತಿ, 'ಇಷ್ಟು ದೊಡ್ಡದು ಕಟ್ಟಿದ್ದೀವಿ. ಪುಣ್ಯಾತ್ಮ ಊರಿಗೆ ಬಂದದ್ದು ಒಂದೇ ಸಲ, ಗೊತ್ತಾ? 1819ರಲ್ಲಿ' ಅಂದರು.

'ಒಂದೇ ಸಲವಾ?'

'ಮತ್ತೆ? ಅವನಿಗೆ ಇಲ್ಲೇನಿತ್ತು ಕೆಲಸ?'

ನೀವು ಎಲ್ಲಿಯವರು ಅಂತ ಕೇಳಿದರು. ಟಾಂಟನ್ ಅಂದೆ. ಅದಲ್ಲ, ಮೂಲದಲ್ಲಿ ಅನ್ನುವ ಪ್ರಶ್ನೆ ಅವರ ಹುಬ್ಬಿನಲ್ಲಿತ್ತು, ಸಭ್ಯರು, ಕೇಳಲಿಲ್ಲ. ನಾನೇ ಹೇಳಿದೆ: ಮೈಸೂರು ಹತ್ತಿರ ಶ್ರೀರಂಗಪಟ್ಟಣ ಅಂತಿದೆ, ನೀವು ಸೆರಿಂಗಪಟಮ್ ಅನ್ನುತ್ತೀರಲ್ಲ, 1799ರಲ್ಲಿ ಅದು ಬಿದ್ದ ಮೇಲೆ ನಿಮ್ಮ ಈ ಡ್ಯೂಕೇ ಅಲ್ಲಿ ಅಧಿಕಾರ ನಡೆಸಿದ್ದು. ಆಗ ಇನ್ನೂ ಬರೀ ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಅವನು ಬಿಡಾರ ಹೂಡಿದ್ದ ಅರಮನೆಯಿಂದ ನಡೆದುಹೋಗುವಷ್ಟು ದೂರದಲ್ಲಿ ನಮ್ಮ ತಾತನ ಊರು. ಮುತ್ತಿಗೆಯ ಹೊತ್ತಿಗೆ ಅವನು ಸುಲ್ತಾನ್‌ಪೇಟೆ ತೋಪಿನ ಕತ್ತಲಲ್ಲಿ ದಾರಿ ತಪ್ಪಿ, ಮೊಣಕಾಲಿಗೆ ಪೆಟ್ಟು ತಿಂದು ವಾಪಸಾಗಿದ್ದನ್ನೂ ಹೇಳಿದೆ. ಸೋಲಿನ ವಿಷಯ ಬಂದಾಗ ಮುದುಕರ ಕಣ್ಣು ಅರಳಿತು. 'ಹಾಗಾದರೆ ಅವನನ್ನು ನಮ್ಮೂರಿಗಿಂತ ನಿಮ್ಮೂರೇ ಚೆನ್ನಾಗಿ ಕಂಡಿದೆ ಬಿಡಿ' ಅಂದರು.

ಗುಡ್ಡ ಇಳಿದು ಪೇಟೆಗೆ ಬಂದು ಸೇಂಟ್ ಜಾನ್ ಚರ್ಚಿನೊಳಗೆ ಹೋದೆವು. ಅಲ್ಲಿ ಜಾನ್ ಪೋಫಮ್‌ನ ಸಮಾಧಿಯಿದೆ. ಗಂಡಹೆಂಡತಿ ಇಬ್ಬರೂ ಬಣ್ಣದ ಕಲ್ಲಿನಲ್ಲಿ ಅಂಗಾತ ಮಲಗಿದ್ದಾರೆ. ಇಂಗ್ಲೆಂಡಿನ ಮುಖ್ಯ ನ್ಯಾಯಾಧೀಶನಾಗಿ ವಾಲ್ಟರ್ ರ‍್ಯಾಲಿಯ ಮೊಕದ್ದಮೆಯನ್ನೂ, ಪಾರ್ಲಿಮೆಂಟಿಗೆ ಮದ್ದಿಡಲು ಹೊರಟ ಗೈ ಫಾಕ್ಸ್‌ನ ಮೊಕದ್ದಮೆಯನ್ನೂ ನಡೆಸಿದವನು. ಇದೇ ಊರಲ್ಲಿ ಮನೆ ಕಟ್ಟಿಸಿ, 1607ರಲ್ಲಿ ಇದೇ ಊರಲ್ಲಿ ಮಣ್ಣಾದ. ಆದರೆ ಅವನ ಹೆಸರಿನಲ್ಲಿ ವೆಲ್ಲಿಂಗ್ಟನ್ ಇಲ್ಲ. ಆಮೇಲೆ ಇಲ್ಲಿ ಉಣ್ಣೆಯ ಗಿರಣಿ ನಡೆಸಿ ಊರಿಗೆ ಅನ್ನ ಕೊಟ್ಟದ್ದು ಬೇರೆಯದೇ ಒಂದು ಫಾಕ್ಸ್ ಮನೆತನ. ಅವರ ಬ್ಯಾಂಕು 1921ರವರೆಗೆ ತನ್ನದೇ ನೋಟು ಅಚ್ಚುಹಾಕುತ್ತಿತ್ತು, ಇಂಗ್ಲೆಂಡಿನಲ್ಲಿ ಹಾಗೆ ನೋಟು ಹೊರಡಿಸಿದ ಕಡೆಯ ಖಾಸಗಿ ಬ್ಯಾಂಕು ಅದೇ. ಮೊದಲ ಮಹಾಯುದ್ಧದಲ್ಲಿ ಸಿಪಾಯಿಗಳು ಕಾಲಿಗೆ ಸುತ್ತಿಕೊಳ್ಳುವ 'ಪಟೀಸ್' ಅನ್ನು ಮೈಲಿಗಟ್ಟಲೆ ನೇಯ್ದವರೂ ಅವರೇ. ಆ ಪದ ನಮ್ಮ ಕಡೆಯ ಪಟ್ಟಿ. ಅವರ ಹೆಸರಿನಲ್ಲೂ ಊರಿಲ್ಲ. ಇದ್ದವರ ಹೆಸರಿಗೆ ಊರು ಬೇಕಾಗಲಿಲ್ಲ ಅಂತ ಕಾಣುತ್ತೆ.

ಅಣ್ಣ ಹುಡುಕಿಕೊಟ್ಟ ಹೆಸರು

ಆರ್ಥರನಿಗೆ ಈ ಹೆಸರು ಸಿಕ್ಕಿದ ಬಗೆ ಓದಿದಾಗ ನನಗೆ ಪಾಸ್‌ಪೋರ್ಟ್ ಆಫೀಸೇ ನೆನಪಾಯಿತು. 1809ರ ಜುಲೈ ಕೊನೆಯಲ್ಲಿ ಸ್ಪೇನಿನ ತಲವೇರಾದಲ್ಲಿ ಫ್ರೆಂಚರ ವಿರುದ್ಧ ಗೆದ್ದ. ಲಂಡನ್ನಿನಲ್ಲಿ ದೊರೆ ವೈಕೌಂಟ್ ಪದವಿ ಕೊಡಲು ಒಪ್ಪಿದ. ಈಗ ಹೆಸರು ಬೇಕು, ತಕ್ಷಣ ಬೇಕು, ಗೆಜೆಟ್ಟಿಗೆ ಹೋಗಬೇಕು. ಇವನು ನೋಡಿದರೆ ಸ್ಪೇನಿನ ಬಿಸಿಲಿನಲ್ಲಿ. ಕಾಗದ ಹೋಗಿ ಬರುವುದಕ್ಕೆ ವಾರಗಟ್ಟಲೆ. ಅಣ್ಣ ವಿಲಿಯಂಗೆ ಹೊಣೆ ಬಿತ್ತು. ವೆಲ್ಲೆಸ್ಲಿ ಅಂತಲೇ ಇಡೋಣವೆಂದರೆ ಅದು ಆಗಲೇ ಹಿರಿಯಣ್ಣ ರಿಚರ್ಡನ ಪದವಿಗೆ ಹೋಗಿತ್ತು. ವಿಲಿಯಂ ಹುಡುಕಿದ: ಸಾಮರ್‌ಸೆಟ್ ಜಿಲ್ಲೆಯಲ್ಲಿ ವೆಲ್ಲೆಸ್ಲಿ ಅನ್ನುವ ಮೂಲದ ಹಳ್ಳಿಯಿದೆ, ಅಲ್ಲಿಗೆ ಅಷ್ಟೇನೂ ದೂರವಲ್ಲದೆ ವೆಲ್ಲಿಂಗ್ಟನ್ ಅಂತ ಒಂದು ಪೇಟೆಯಿದೆ. ಕಿವಿಗೂ ಹತ್ತಿರ, ಪಟದಲ್ಲೂ ಹತ್ತಿರ. ಮುಗಿಯಿತು. ಬರೆದುಕೊಟ್ಟು ಬಂದು, ಏನಂದುಕೊಳ್ಳುತ್ತೀಯೋ ಅಂತ ತಮ್ಮನಿಗೆ ಅಳುಕುತ್ತಲೇ ಕಾಗದ ಹಾಕಿದ. ತಮ್ಮನಿಗೆ ಹಿಡಿಸಿತು. ಸೆಪ್ಟೆಂಬರ್ 16ರ ಒಂದು ಪತ್ರದ ಕೊನೆಗೆ 'ವೆಲ್ಲಿಂಗ್ಟನ್' ಅಂತ ರುಜು ಹಾಕಿ, ಹೊಸ ಹೆಸರಿನಲ್ಲಿ ಇದೇ ನನ್ನ ಮೊದಲ ಸಹಿ ಅಂತ ಹೇಳಿಕೊಂಡಿದ್ದಾನೆ.

ಹೆಂಡತಿ ಕಿಟ್ಟಿಗೆ ಹಿಡಿಸಲಿಲ್ಲ. ಆ ಹೆಸರು ಏನನ್ನೂ ನೆನಪಿಗೆ ತರೋದಿಲ್ಲ ಅನ್ನುವುದು ಅವಳ ತಕರಾರು. ಇಡೀ ಕಥೆಯಲ್ಲಿ ನನಗೆ ತೀರಾ ಹತ್ತಿರದವಳಾಗಿ ಕಂಡವಳು ಅವಳೇ. ಹೆಸರೆಂದರೆ ಏನನ್ನಾದರೂ ನೆನಪಿಗೆ ತರಬೇಕು ಅಂತ ಅಂದುಕೊಂಡಿದ್ದಳಲ್ಲ! ಆದರೆ ಅವಳ ಗಂಡನ ಮನೆತನಕ್ಕೆ ಹೆಸರು ಅಂಗಿಯಿದ್ದ ಹಾಗೆ. ಇವರ ಅಜ್ಜ ಹುಟ್ಟಿದ್ದು ರಿಚರ್ಡ್ ಕಾಲಿ ಅಂತ, ಐರ್ಲೆಂಡಿನಲ್ಲಿ. ದೂರದ ನೆಂಟನೊಬ್ಬನ ಆಸ್ತಿ ಕೈಗೆ ಬಂದಾಗ, 1728ರಲ್ಲಿ, ಅವನ ವೆಸ್ಲಿ ಅನ್ನುವ ಹೆಸರನ್ನು ಇಟ್ಟುಕೊಂಡ. ನಮ್ಮಲ್ಲಿ ದತ್ತು ಹೋದವರು ಗೋತ್ರ ಬದಲಿಸಿದ ಹಾಗೆ. 1798ರಲ್ಲಿ, ಅಂದರೆ ಅಣ್ಣತಮ್ಮಂದಿರು ನಮ್ಮ ಕಡೆ ಬರುವ ಹೊತ್ತಿಗೆ, ವೆಸ್ಲಿ ಹಿಗ್ಗಿ ವೆಲ್ಲೆಸ್ಲಿ ಆಯಿತು. 1809ಕ್ಕೆ ವೆಲ್ಲಿಂಗ್ಟನ್. ರಕ್ತದಿಂದ ಕಾಲಿ, ಆಸ್ತಿಯಿಂದ ವೆಸ್ಲಿ, ಕಾಗುಣಿತದಿಂದ ವೆಲ್ಲೆಸ್ಲಿ, ಪಟದಿಂದ ವೆಲ್ಲಿಂಗ್ಟನ್. ಹುಟ್ಟಿದ ಡಬ್ಲಿನ್ ಮಾತ್ರ ಎಲ್ಲೂ ಇಲ್ಲ.

ಆಮೇಲಿನದು ಮೆಟ್ಟಿಲು ಹತ್ತಿದ ಕಥೆ. 1812ರಲ್ಲೇ ಅರ್ಲ್, ಅದೇ ವರ್ಷ ಮಾರ್ಕ್ವೆಸ್, 1814ಕ್ಕೆ ಡ್ಯೂಕ್, ಅದರ ಮೇಲೆ ಹತ್ತೋಣವೆಂದರೆ ಮೆಟ್ಟಿಲಿಲ್ಲ. ಸ್ಪೇನು ಸಿಯುಡಾಡ್ ರೊಡ್ರಿಗೋದ ಡ್ಯೂಕ್ ಮಾಡಿತು, ನೆದರ್‌ಲ್ಯಾಂಡ್ಸು ವಾಟರ್‌ಲೂವಿನ ರಾಜಕುಮಾರನನ್ನಾಗಿ ಮಾಡಿತು. ಇವೆಲ್ಲ ಅವನು ಗೆದ್ದ ಊರುಗಳು. ಕಾಲಿಟ್ಟು, ಮಣ್ಣು ತುಳಿದು, ಹೆಣ ಎಣಿಸಿದ ಜಾಗಗಳು. ಎಲ್ಲಕ್ಕಿಂತ ಮುಂದೆ ಬರುವ, ರುಜು ಹಾಕುವ ಊರು ಮಾತ್ರ ಅವನು ಆವರೆಗೆ ಕಾಣದ್ದು. ಪಾರ್ಲಿಮೆಂಟು ಮನೆ ಕೊಳ್ಳಲು 6 ಲಕ್ಷ ಪೌಂಡ್ ಕೊಟ್ಟಾಗಲೂ ಅವನು ಈ ಕಡೆ ತಿರುಗಿ ನೋಡಲಿಲ್ಲ, ಹ್ಯಾಂಪ್‌ಶೈರ್‌ನ ಸ್ಟ್ರ್ಯಾಟ್‌ಫೀಲ್ಡ್ ಸೇ ಕೊಂಡ. ಆ ಮನೆಗೆ ವರ್ಷಕ್ಕೆ ಒಂದು ಸಣ್ಣ ಫ್ರೆಂಚ್ ಬಾವುಟವೇ ಬಾಡಿಗೆ. ವಾಟರ್‌ಲೂ ಗೆದ್ದ ದಿನವಾದ ಜೂನ್ 18ರೊಳಗೆ ವಿಂಡ್ಸರ್ ಕೋಟೆಗೆ ಒಪ್ಪಿಸಬೇಕು. ಇವತ್ತಿಗೂ ನಡೆದುಕೊಂಡು ಬಂದಿದೆ. ದಸರೆಯಲ್ಲಿ ಪಾಳೆಯಗಾರರು ಅರಮನೆಗೆ ನಜರು ಒಪ್ಪಿಸುತ್ತಿದ್ದದ್ದನ್ನು ಕೇಳಿ ಬಲ್ಲವರಿಗೆ ಇದು ಪರಿಚಯದ ಸಂಗತಿ. ಏನೇ ಕೊಟ್ಟರೂ ಕೊಟ್ಟವನು ಯಾರೆಂದು ವರ್ಷಕ್ಕೊಮ್ಮೆ ನೆನಪಿಸಬೇಕಲ್ಲ.

ಹೆಸರು ಮಾತ್ರ ಅಲ್ಲಿಂದ ಕಾಲು ಕಿತ್ತು ಲೋಕ ಸುತ್ತಿತು. ನ್ಯೂಜಿಲೆಂಡಿನ ರಾಜಧಾನಿಗೆ ಹೋಯಿತು, ಬೂಟಿಗೆ ಹೋಯಿತು. ನೀಲಗಿರಿಗೂ ಬಂತು. ಕೂನೂರಿನ ಪಕ್ಕದ ಸೈನ್ಯದ ಊರು ವೆಲ್ಲಿಂಗ್ಟನ್ ನಿಮಗೆ ಗೊತ್ತಿದ್ದೀತು. ಅದಕ್ಕೆ ಮುಂಚೆ ಅದು ಜಗತಳ, ಬಡಗರ ಊರಿನ ಹೆಸರು, ಇಂಗ್ಲಿಷರ ಬಾಯಲ್ಲಿ ಜಕಟಲ್ಲ. ಬಡಗರ ಮಾತು ಕೇಳಿದರೆ ನಮ್ಮದೇ ಯಾವುದೋ ಹಳೆಯ ಅಜ್ಜಿ ಮಾತಾಡಿದ ಹಾಗಿರುತ್ತದೆ. ಡ್ಯೂಕ್ ಒಂದೇ ಸಲ ನೋಡಿದ ಒಂದೂರಿನ ಹೆಸರು, ಡ್ಯೂಕ್ ಸತ್ತ ಮೇಲೆ, ಇನ್ನೊಂದೂರಿನ ಹೆಸರಿನ ಮೇಲೆ ಕೂತಿತು.

ಅಲ್ಪವಿರಾಮದ ಆಚೆ

ಇದನ್ನೆಲ್ಲ ಕೆದಕುತ್ತಿದ್ದಾಗ ಸಿಕ್ಕಿದ್ದೊಂದು ನನ್ನನ್ನು ಎರಡು ದಿನ ನಿದ್ದೆಗೆಡಿಸಿತು. ಶ್ರೀರಂಗಪಟ್ಟಣದ ಮೇಲೆ ಬಂದ ದಂಡಿಗೆ ಸೇನಾಪತಿ ಆರ್ಥರ್ ಅಲ್ಲ, ಜನರಲ್ ಜಾರ್ಜ್ ಹ್ಯಾರಿಸ್. ಕೋಟೆ ಬಿದ್ದು ಹದಿನಾರು ವರ್ಷದ ಮೇಲೆ, 1815ರಲ್ಲಿ, ಅವನಿಗೆ ಬ್ಯಾರನ್ ಪದವಿ ಬಂತು. ಪೂರ್ತಿ ಪಾಠ ಹೀಗಿದೆ: ಬ್ಯಾರನ್ ಹ್ಯಾರಿಸ್, ಈಸ್ಟ್ ಇಂಡೀಸ್‌ನ ಸೆರಿಂಗಪಟಮ್ ಮತ್ತು ಮೈಸೂರಿನ, ಹಾಗೂ ಕೆಂಟ್ ಜಿಲ್ಲೆಯ ಬೆಲ್ಮಾಂಟ್‌ನ. ಈ ಪದವಿಗಳಲ್ಲಿ ಅಲ್ಪವಿರಾಮಕ್ಕೆ ಭಾರಿ ಬೆಲೆ. ಅದರ ಈಚೆಗಿರುವುದು ಹೆಸರು, ಆಚೆಗಿರುವುದು ವಿಳಾಸವೂ ಅಲ್ಲದ ಹೆಸರೂ ಅಲ್ಲದ ಒಂದು ಬಾಲ. ಕರೆಯುವಾಗ ಬರೀ ಲಾರ್ಡ್ ಹ್ಯಾರಿಸ್. ನಮ್ಮ ಶ್ರೀರಂಗಪಟ್ಟಣ ಅಲ್ಪವಿರಾಮದ ಆಚೆ, ಹೊಸ್ತಿಲ ಹೊರಗೆ, ಬೆಲ್ಮಾಂಟ್ ಅನ್ನುವ ಒಂದು ಬಂಗಲೆಯ ಜೊತೆ ನಿಂತಿದೆ.

ಬೆಲ್ಮಾಂಟ್ ಇರುವುದು ಕೆಂಟ್‌ನ ಫ್ಯಾವರ್‌ಶಮ್ ಎಂಬ ಹಳೆಯ ಸಂತೆಪೇಟೆಯ ಹತ್ತಿರ. ಕೋಟೆಯ ಲೂಟಿ ಹಂಚಿಕೆಯಲ್ಲಿ ಹ್ಯಾರಿಸ್‌ಗೆ ಲಕ್ಷ ಪೌಂಡಿಗೂ ಮೇಲೆ ಸಿಕ್ಕಿತು, ಆರ್ಥರನ ಪಾಲಿಗೆ ಬಂದದ್ದು ಸುಮಾರು 4,000. ಹ್ಯಾರಿಸ್ 1801ರಲ್ಲಿ ಈ ಮನೆ ಕೊಂಡ. ಮುಂದೆ ಅವನ ಮೊಮ್ಮಗ ಮದರಾಸಿನ ಗವರ್ನರ್ ಆದ. ಮರಿಮಗ ಹುಟ್ಟಿದ್ದು ಟ್ರಿನಿಡಾಡಿನಲ್ಲಿ, ಇಂಗ್ಲೆಂಡಿನ ಕ್ರಿಕೆಟ್ ಕ್ಯಾಪ್ಟನ್, ಆಮೇಲೆ 1890ರಿಂದ 95ರವರೆಗೆ ಮುಂಬಯಿ ಗವರ್ನರ್. ಐದನೆಯ ಲಾರ್ಡ್ ಹ್ಯಾರಿಸ್ ಗಡಿಯಾರಗಳ ಹುಚ್ಚ. ಮನೆ ತುಂಬ ಗಡಿಯಾರ ಕೂಡಿಹಾಕಿದ, ಈಗ ಜನ ಆ ಮನೆಗೆ ಹೋಗುವುದೇ ಅವನ್ನು ನೋಡಲು. ಕಾವೇರಿಯಿಂದ ಹೊರಟ ಹಣ ಗೋಡೆಯ ಮೇಲೆ ಟಿಕ್ ಟಿಕ್ ಅನ್ನುತ್ತಿದೆ ಅಂತ ಬರೆಯಲು ಕೈ ತುರಿಸುತ್ತದೆ, ಆದರೆ ಗಡಿಯಾರದ ಹಣ ಯಾವುದೋ, ಲೂಟಿಯ ಹಣ ಯಾವುದೋ. ನನ್ನ ತಲೆಯಲ್ಲಿ ಕೂತದ್ದು ಬೇರೆ. ಟ್ರಿನಿಡಾಡಿನಲ್ಲಿ ಹುಟ್ಟಿ ಲಾರ್ಡ್ಸ್ ಮೈದಾನದಲ್ಲಿ ಬ್ಯಾಟು ಬೀಸಿದ ಒಬ್ಬ ಮನುಷ್ಯ ಕಾಗದದ ಮೇಲೆ ನಮ್ಮೂರಿನವನು.

ಈ ಆಟದಲ್ಲಿ ಕ್ಲೈವ್ ಇನ್ನೂ ಒಂದು ಹೆಜ್ಜೆ ಮುಂದೆ. ಅವನಿಗೆ ಸಿಕ್ಕಿದ್ದು ಐರ್ಲೆಂಡಿನ ಬ್ಯಾರನ್ ಪದವಿ, ಹೆಸರಿನಲ್ಲಿ ಪ್ಲಾಸಿ ಬೇಕು ಅಂತ ಆಸೆ. ಐರ್ಲೆಂಡಿನ ಕ್ಲೇರ್ ಜಿಲ್ಲೆಯಲ್ಲಿದ್ದ ತನ್ನ ಜಮೀನಿಗೇ ಪ್ಲಾಸಿ ಅಂತ ಹೆಸರಿಟ್ಟುಬಿಟ್ಟ. ನಮ್ಮ ರಿಚರ್ಡ್ ವೆಲ್ಲೆಸ್ಲಿ ಪಾಡು ಅದಕ್ಕೂ ತಮಾಷೆ. ಟಿಪ್ಪುವನ್ನು ಮುಗಿಸಿದ ಗವರ್ನರ್ ಜನರಲ್ಲು ತಾನು, ಇಂಗ್ಲೆಂಡಿನ ಮಾರ್ಕ್ವೆಸ್ ಪದವಿ ಖಂಡಿತ ಅಂತ ಕಾದಿದ್ದ. ಬಂದದ್ದು ಐರ್ಲೆಂಡಿನದು, ಅದಕ್ಕೆ ಲಾರ್ಡ್‌ಗಳ ಸಭೆಯಲ್ಲಿ ಕುರ್ಚಿ ಖಾತ್ರಿಯಿಲ್ಲ. ಚಿನ್ನದ ನೀರು ಎರಡೆರಡು ಸಲ ಹೊಯ್ದ ಆಲೂಗಡ್ಡೆ ಅಂತ ಅದನ್ನು ಬೈದುಕೊಂಡ. ಶ್ರೀರಂಗಪಟ್ಟಣದ ಉತ್ತರಕ್ಕೆ 1804ರಲ್ಲಿ ದಿವಾನ್ ಪೂರ್ಣಯ್ಯ ಕಟ್ಟಿಸಿದ ಕಲ್ಲುಸೇತುವೆಗೆ ಈ ರಿಚರ್ಡನದೇ ಹೆಸರು. ಚಿಕ್ಕಂದಿನಲ್ಲಿ ಅದರ ಮೇಲೆ ನಿಂತು ನಾವು ನೀರಿಗೆ ಕಲ್ಲು ಎಸೆಯುತ್ತಿದ್ದಾಗ ಆಲೂಗಡ್ಡೆಯ ವಿಷಯ ಯಾರೂ ಹೇಳಿಕೊಡಲಿಲ್ಲ.

ಪೂರ್ಣಯ್ಯನವರಿಗೂ ಒಂದು ಊರು ಬಂತು, 1807ರಲ್ಲಿ, ಯಳಂದೂರು ಜಹಗೀರು. ವ್ಯತ್ಯಾಸವಿಷ್ಟೇ, ಅಲ್ಲಿಂದ ಕಂದಾಯ ಬರುತ್ತಿತ್ತು. ಹೆಸರಿಗಿಂತ ಗದ್ದೆ ಗಟ್ಟಿ ಅನ್ನುವ ಲೆಕ್ಕ ನಮ್ಮದು. ಇದಕ್ಕೆಲ್ಲ ಸೆಡ್ಡು ಹೊಡೆದವನು ಚನ್ನಗಿರಿಯ ಧೋಂಡಿಯಾ ವಾಘ್. ಪಟ್ಟಣ ಬಿದ್ದ ದಿನ ಸೆರೆಮನೆಯಿಂದ ಹೊರಬಿದ್ದವನು ದಂಡು ಕಟ್ಟಿಕೊಂಡು ತನಗೆ ತಾನೇ 'ಉಭಯ ಲೋಕಾಧೀಶ್ವರ' ಅಂತ ಬಿರುದು ಕೊಟ್ಟುಕೊಂಡ. ಯಾರ ಗೆಜೆಟ್ಟೂ ಇಲ್ಲ, ಯಾವ ಜಿಲ್ಲೆಯ ಬಾಲವೂ ಇಲ್ಲ. ಒಂದು ಊರಿನ ಗೊಡವೆಯೇ ಬೇಡ, ಎರಡೂ ಲೋಕ ಸೇರಿಸಿಯೇ ಬರೆದುಕೊಳ್ಳಿ ಅಂದುಬಿಟ್ಟ. 1800ರ ಸೆಪ್ಟೆಂಬರ್ 10ರಂದು ಆರ್ಥರ್ ಅವನನ್ನು ಬೆನ್ನಟ್ಟಿ ಕೊಂದ. ಅನಾಥನಾದ ಅವನ ಮಗನ ಖರ್ಚಿಗೆ ದುಡ್ಡು ಇಟ್ಟುಹೋದವನೂ ಆರ್ಥರನೇ. ಆರ್ಥರನನ್ನು ಪೂರ್ತಿ ದ್ವೇಷಿಸಲು ಬಿಡದ ಒಂದೇ ಒಂದು ಸಂಗತಿ ಇದು, ಆಗಾಗ ಅಡ್ಡ ಬರುತ್ತದೆ.

ಮೂವತ್ತೆರಡು ಗುಂಟೆ

ಇಷ್ಟು ಹೊತ್ತು ಲಾರ್ಡ್‌ಗಳನ್ನು ಆಡಿಕೊಂಡದ್ದಾಯಿತು. ಈಗ ನಮ್ಮ ಮನೆ. ನಾನು ಗಂಜಾಂನವನೇ? ಹುಟ್ಟಿದ್ದು ಮೈಸೂರಿನಲ್ಲಿ, ಬೆಳೆದದ್ದು ಚಾಮುಂಡಿಪುರಂನಲ್ಲಿ. ಅಪ್ಪನೂ ಅಷ್ಟೇ. ಗಂಜಾಂ ಬಿಟ್ಟವರು ತಾತ, ಮೇಷ್ಟ್ರ ಕೆಲಸ ಸಿಕ್ಕಿ. ಅಲ್ಲಿ ಉಳಿದದ್ದು ಬಂಗಾರದೊಡ್ಡಿ ನಾಲೆಯ ನೀರು ಕುಡಿಯುವ ಮೂವತ್ತೆರಡು ಗುಂಟೆ ಗದ್ದೆ, ಮತ್ತು ಪಾಲುದಾರರೆಲ್ಲ ಹಂಚಿಕೊಂಡು ಗೋಡೆಯಷ್ಟೇ ಆಗಿದ್ದ ಮನೆ. ಬೇಸಿಗೆ ರಜದಲ್ಲಿ ಹೋದರೆ ತಾತ ಗದ್ದೆಯ ಬದುವಿನ ಮೇಲೆ ನಿಲ್ಲಿಸಿ 'ಇದು ನಮ್ಮದು' ಅನ್ನುತ್ತಿದ್ದರು. ಗಂಜಾಂ ಅಂಜೂರ ಒಂದು ಕಾಲಕ್ಕೆ ಹೆಸರುವಾಸಿ ಅನ್ನುತ್ತಿದ್ದರು. ತಿಂದ ನೆನಪು ನನಗಿಲ್ಲ. ಹಾಗೆ ನೋಡಿದರೆ ಗಂಜಾಂ ಕೂಡ ಕರೆತಂದವರ ಊರೇ. ಟಿಪ್ಪು ಪೇಟೆ ಕಟ್ಟಲು ಶಿರಾದಿಂದ ಕುಟುಂಬ ಕುಟುಂಬಗಳನ್ನೇ ಎತ್ತಿ ಇಲ್ಲಿಗೆ ಸಾಗಿಸಿದ್ದ. ನಮ್ಮ ಹಿರಿಯರು ಅವರ ಜೊತೆ ಬಂದವರೋ, ಅದಕ್ಕೂ ಮುಂಚಿನವರೋ, ತಾತನಿಗೇ ಗೊತ್ತಿರಲಿಲ್ಲ.

ಆ ಮೂವತ್ತೆರಡು ಗುಂಟೆ ಮಾರಿದ್ದು ಅತ್ತೆಯ ಮದುವೆ ಸಾಲಕ್ಕೆ. ನನಗಾಗ ಹನ್ನೊಂದು ವರ್ಷ. ಶಾಲೆಗೆ ರಜವಿತ್ತು ಅಂತ ನನ್ನನ್ನೂ ಕರೆದುಕೊಂಡು ಹೋದರು. ಸಬ್ ರಿಜಿಸ್ಟ್ರಾರ್ ಆಫೀಸಿನ ಹೊರಗೆ ಹೊಂಗೆ ಮರದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಒಬ್ಬ ಪತ್ರಬರಹಗಾರ. ಕನ್ನಡಕದ ಒಂದು ಕಾಲಿಗೆ ದಾರ ಸುತ್ತಿತ್ತು. ಛಾಪಾ ಕಾಗದವನ್ನು ಟೈಪ್‌ರೈಟರಿಗೆ ತೂರಿಸಿ, ಚೆಕ್ಕುಬಂದಿ ಹೇಳಿ ಸ್ವಾಮಿ ಅಂದ. ತಾತ ಕಣ್ಣು ಮುಚ್ಚಿಕೊಂಡು ಹೇಳಿದರು. ಪೂರ್ವಕ್ಕೆ ಇಂಥವರ ಗದ್ದೆ, ಪಶ್ಚಿಮಕ್ಕೆ ನಾಲೆ, ಉತ್ತರಕ್ಕೆ ಗಾಡಿ ಜಾಡು, ದಕ್ಷಿಣಕ್ಕೆ ದಾಯಾದಿಗಳ ತೆಂಗಿನ ತೋಟ. ಸಂಧ್ಯಾವಂದನೆಯ ಹಾಗೆ, ಒಂದಕ್ಷರ ಎಡವಲಿಲ್ಲ. ಟೈಪ್‌ರೈಟರ್ ಟಕಟಕ ಅಂತ ಹಿಂದೆಯೇ ಓಡುತ್ತಿತ್ತು. ಆಮೇಲೆ ಅವನು ಮಾರುವವರ ಹೆಸರು ಕೇಳಿದ. ತಾತ 'ಗಂಜಾಂ' ಅಂತ ಶುರುಮಾಡಿದರು. ಅವನು ಕೈ ತಡೆದ.

'ಸ್ವಾಮಿ, ತಾವು ಮೈಸೂರು ಅಂದ್ರಲ್ಲ? ವಾಸ ಮೈಸೂರು ಅಂತಲೇ ಹಾಕ್ಬೇಕು. ಗಂಜಾಂ ಅಂದ್ರೆ ಆಮೇಲೆ ತಕರಾರಾಗುತ್ತೆ.'

'ವಾಸ ಮೈಸೂರೇ ಹಾಕು. ಅದು ವಾಸ ಅಲ್ಲಪ್ಪ, ಹೆಸರು' ಅಂದರು ತಾತ.

ಒಳಗೆ ಕರೆದರು. ತಾತನ ಎಡ ಹೆಬ್ಬೆರಳಿಗೆ ಗುಮಾಸ್ತ ಇಂಕು ಒತ್ತಿಸಿ ದಫ್ತರದ ಮೇಲೆ ಉರುಳಿಸಿದ. ಓದು ಬಂದವರಿಗೂ ಹೆಬ್ಬೆಟ್ಟೇ ಅಂತ ನನಗೆ ಆವತ್ತು ಗೊತ್ತಾಗಿದ್ದು. ಆಮೇಲೆ ಸಹಿ. ಪೆನ್ನಿನ ಮೊನೆ ಎತ್ತದೆ, 'ಗಂ' ಅಂತ ದೊಡ್ಡದಾಗಿ ಬರೆದು, ಸೊನ್ನೆಯನ್ನು ಎಂದಿನ ಹಾಗೆ ಕೊನೆಗೆ ಇಟ್ಟರು. ಹೊರಗೆ ಬಂದು ಬಟ್ಟೆಯಲ್ಲಿ ಹೆಬ್ಬೆರಳು ಒರೆಸಿಕೊಳ್ಳುತ್ತಿದ್ದಾಗ ಅಪ್ಪ, ಸಾಲ ತೀರಿದ ಹಗುರಕ್ಕೋ ಏನೋ, 'ಇನ್ನು ನಮಗೂ ಗಂಜಾಂಗೂ ಏನೂ ಇಲ್ಲ. ಇವನ ಇನಿಷಿಯಲ್ಲಿಗೆ ನನ್ನ ಹೆಸರು ಹಾಕಿಸಿಬಿಡೋಣ, ಎಲ್ಲರೂ ಹಾಗೇ ಮಾಡ್ತಾರೆ' ಅಂದ. ತಾತ ಏನೂ ಅನ್ನಲಿಲ್ಲ. ಬಸ್ ಸ್ಟ್ಯಾಂಡಿನ ಪಕ್ಕದ ಹೋಟೆಲಿನಲ್ಲಿ ನನಗೊಂದು ಮಸಾಲೆ ದೋಸೆ ಕೊಡಿಸಿದರು, ತಾವು ತಿನ್ನಲಿಲ್ಲ. ಇನಿಷಿಯಲ್ ಬದಲಿಸುವ ಕೆಲಸ ಅಪ್ಪನ ಕೈಯಲ್ಲಿ ಹಾಗೆಯೇ ಉಳಿಯಿತು. ಅಫಿಡವಿಟ್ಟು, ಪೇಪರಿನಲ್ಲಿ ಜಾಹೀರಾತು, ಶಾಲೆಗೆ ಓಡಾಟ, ಯಾರಿಗೆ ಪುರಸೊತ್ತು.

ಆಗ ತಾತನ ಮಾತು ಹಠವಾಗಿ ಕೇಳಿಸಿತ್ತು. ಈಗ ಅದರ ಮೇಲೆ ಜಗಳ ತೆಗೆಯಬೇಕು ಅನ್ನಿಸುತ್ತದೆ. ತಾತ, ನೀವು ಹೇಳಿದ್ದನ್ನೇ ಆ ಲಾರ್ಡ್‌ಗಳೂ ಹೇಳುತ್ತಾರಲ್ಲ? ಅವರೂ ಬರೀ ಊರಿನ ಹೆಸರಲ್ಲೇ ರುಜು ಹಾಕುತ್ತಾರೆ, ಕೇಳಿದರೆ ಅದು ವಾಸ ಅಲ್ಲ ಹೆಸರು ಅನ್ನುತ್ತಾರೆ. ನಿಮ್ಮದಕ್ಕೂ ಅವರದಕ್ಕೂ ಏನು ವ್ಯತ್ಯಾಸ? ಒಂದು ಉತ್ತರ ಸುಲಭವಾಗಿ ಬರುತ್ತದೆ: ಚೆಕ್ಕುಬಂದಿ. ಕಣ್ಣು ಮುಚ್ಚಿ ನಾಲ್ಕು ದಿಕ್ಕು ಹೇಳಲು ತಾತನಿಗೆ ಬರುತ್ತಿತ್ತು, ಆರ್ಥರನನ್ನು ವೆಲ್ಲಿಂಗ್ಟನ್ನಿನ ಫೋರ್ ಸ್ಟ್ರೀಟಿನಲ್ಲಿ ನಿಲ್ಲಿಸಿದ್ದರೆ ಚರ್ಚು ಯಾವ ಕಡೆ ಅಂತ ಕೇಳಬೇಕಾಗುತ್ತಿತ್ತು. ಸರಿ. ಹಾಗಾದರೆ ನನಗೆ ಗಂಜಾಂನ ಚೆಕ್ಕುಬಂದಿ ಬರುತ್ತದೆಯೇ? ನಾಲೆ ಪಶ್ಚಿಮಕ್ಕೆ ಅನ್ನುವುದು ಬಿಟ್ಟರೆ ಮಿಕ್ಕದ್ದು ಆ ಟೈಪ್‌ರೈಟರಿನ ಸದ್ದಿನ ನೆನಪು. ನಾನು ತಾತನ ಪಕ್ಷದವನು ಅಂದುಕೊಂಡು ಇಷ್ಟು ಉದ್ದ ಬರೆದೆ. ಲೆಕ್ಕ ಹಾಕಿದರೆ ಡ್ಯೂಕನ ಪಕ್ಷಕ್ಕೇ ಹತ್ತಿರ ಬೀಳುತ್ತೇನೆ.

ಇನ್ನು ಮಗಳು. ಅವಳು ಹುಟ್ಟಿದ್ದು ಟಾಂಟನ್‌ನಲ್ಲಿ. ಬರ್ತ್ ಸರ್ಟಿಫಿಕೇಟಿನಲ್ಲಿ ನನ್ನ ಸರ್‌ನೇಮ್ ಹಾಗೇ ಇಳಿದುಬಂತು, ಯಾರೂ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ. ಶಾಲೆಯಲ್ಲಿ ಅವಳ ಸ್ವೆಟರಿನ ಪಟ್ಟಿಯ ಮೇಲೆ, ಊಟದ ಡಬ್ಬಿಯ ಮೇಲೆ, ಗಮ್‌ಬೂಟಿನ ಒಳಗೆ ಎಲ್ಲ ಕಡೆ ಗಂಜಾಂ. ಹೆಸರು ಕೇಳಿದರೆ ಎರಡನ್ನೂ ಒಂದೇ ಉಸಿರಿಗೆ ಹೇಳುತ್ತಾಳೆ. ಅವಳು ಗಂಜಾಂ ನೋಡಿದ್ದು ಒಂದೇ ಸಲ, ಕಳೆದ ಡಿಸೆಂಬರಿನಲ್ಲಿ. ಗುಂಬಜ್ ನೋಡಿ, ದರಿಯಾ ದೌಲತ್ತಿನ ಗೋಡೆಯ ಮೇಲಿನ ಯುದ್ಧದ ಚಿತ್ರ ನೋಡಿ, ಗದ್ದೆ ಎಲ್ಲಿತ್ತು ಅಂತ ತೋರಿಸಲು ಹೋಗಿ ಸೋತು, ಕೊನೆಗೆ ನಿಮಿಷಾಂಬ ದೇವಸ್ಥಾನಕ್ಕೆ ಹೋದೆವು. ಅರ್ಚನೆ ಚೀಟಿ ತೆಗೆಸಿ ಸಾಲಿನಲ್ಲಿ ನಿಂತೆವು. ಹಿಂದಿನಿಂದ ನೂಕು, ಕರ್ಪೂರದ ಹೊಗೆ, ನಿಂಬೆಹಣ್ಣಿನ ಹಾರ. ಅರ್ಚಕರು ಮುಂದೆ ಬಗ್ಗಿ, ಮಗುವಿನ ಹೆಸರಿಗೇ ಮಾಡಿಸೋದಾ, ಹೆಸರೇನಮ್ಮ ಅಂದರು. ಅವಳು ಶಾಲೆಯಲ್ಲಿ ಹೇಳುವ ಹಾಗೆ ಗಟ್ಟಿಯಾಗಿ ಹೇಳಿದಳು. ಗಂಟೆಯ ಸದ್ದಿನಲ್ಲಿ ಅವರಿಗೆ ಕೇಳಿದ್ದು ಕಡೆಯ ಪದ ಮಾತ್ರ.

'ಗಂಜಾಂ ಊರು ಕಣಮ್ಮ' ಅಂದರು ನಗುತ್ತ, ಕುಂಕುಮದ ಬೆರಳನ್ನು ಹಾಗೇ ಎತ್ತಿ ಹಿಡಿದುಕೊಂಡು. 'ಹೆಸರು ಹೇಳು.'